ದೇವರು ‘ನೆನಪಿಸಿಕೊಂಡ’ ಅಂದರೆ ಅಲ್ಲಿಯವರೆಗೆ ಮರೆತಿದ್ದನಾ?

ಪ್ರಶ್ನೆ: ಬೈಬಲ್ಲಿನ ವಿಮೋಚನಕಾಂಡ ಓದುತ್ತಿದ್ದೇನೆ. 2ನೇ ಅಧ್ಯಾಯದ ಕೊನೆಯಲ್ಲಿ, ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ಗುಲಾಮರಾಗಿದ್ದ ಇಸ್ರಾಯೇಲ್ಯರ ಗೋಳು ಕೇಳಿ ದೇವರು ಅಬ್ರಹಾಮ, ಇಸಾಕ, ಯಾಕೋಬರ ಜೊತೆ ಮಾಡಿದ್ದ ಒಡಂಬಡಿಕೆಯನ್ನು ನೆನಪಿಸಿಕೊಂಡ ಅಂತ ಇದೆ. ಎಲ್ಲ ಬಲ್ಲ ದೇವರಿಗೆ ಮರೆವು ಬರುತ್ತದಾ? ತಾತ ಮುತ್ತಾತರ ಪುಣ್ಯದಿಂದ ಇವರು ಉಳಿದರು ಅಂತಾದರೆ, ಆ ಪುಣ್ಯ 400 ವರ್ಷ ಎಲ್ಲಿ ಹೋಗಿತ್ತು? ಸಾಲದ್ದಕ್ಕೆ ಅದೇ ಪುಸ್ತಕದ 20ನೇ ಅಧ್ಯಾಯದಲ್ಲಿ ತಂದೆಯ ಪಾಪ ಮೂರು ನಾಲ್ಕು ತಲೆಮಾರಿನವರೆಗೆ ಮಕ್ಕಳ ಮೇಲೆ ಬರುತ್ತದೆ ಅಂತಲೂ ಇದೆ. ಯೆಹೂದಿಗಳು ಇದನ್ನೆಲ್ಲ ಹೇಗೆ ಓದುತ್ತಾರೆ?

ಉತ್ತರ: ಐಗುಪ್ತದ ಜೈಲಿನಿಂದ ಶುರು ಮಾಡೋಣ. ಇಸ್ರಾಯೇಲ್ಯರನ್ನು ಅಲ್ಲಿಂದ ಬಿಡಿಸಿ ತಂದ ಮೋಶೆ ಹುಟ್ಟುವುದಕ್ಕೂ ಬಹಳ ಹಿಂದಿನ ಮಾತು.

ಯಾಕೋಬನ ಮಗ ಯೋಸೇಫ ಮಾಡದ ತಪ್ಪಿಗೆ ಒಳಗಿದ್ದಾನೆ. ಜೊತೆಗೆ ಫರೋಹನಿಗೆ, ಅಂದರೆ ಐಗುಪ್ತದ ರಾಜನಿಗೆ, ದ್ರಾಕ್ಷಾರಸ ಕೊಡುವವರ ಮುಖ್ಯಸ್ಥನೂ ಇದ್ದಾನೆ. ಆತನಿಗೆ ಬಿದ್ದ ಕನಸಿಗೆ ಯೋಸೇಫ ಅರ್ಥ ಹೇಳುತ್ತಾನೆ: ಇನ್ನು ಮೂರೇ ದಿನ, ನಿನ್ನ ಕೆಲಸ ನಿನಗೆ ವಾಪಸ್ ಸಿಗುತ್ತದೆ. ಆಮೇಲೆ ಒಂದು ಮಾತು ಸೇರಿಸುತ್ತಾನೆ. ನಿನಗೆ ಒಳ್ಳೇದಾದಾಗ ನನ್ನನ್ನು ನೆನಪಿಸಿಕೋ, ಫರೋಹನ ಹತ್ತಿರ ನನ್ನ ವಿಷಯ ಎತ್ತು. ಮೂರನೇ ದಿನ ಆತ ಬಿಡುಗಡೆಯಾದ. ಆದಿಕಾಂಡದ 40ನೇ ಅಧ್ಯಾಯ ಮುಗಿಯುವುದು ಹೀಗೆ: ಆತ ಯೋಸೇಫನನ್ನು ನೆನಪಿಸಿಕೊಳ್ಳಲಿಲ್ಲ, ಮರೆತುಬಿಟ್ಟ. ಮುಂದಿನ ಅಧ್ಯಾಯ ಶುರುವಾಗುವುದು ಪೂರ್ತಿ 2 ವರ್ಷ ಕಳೆದ ಮೇಲೆ.

ಯೋಸೇಫ ಕೇಳಿದ್ದೇನು? ತನ್ನ ಮುಖ ಆತನ ತಲೆಯಲ್ಲಿ ಉಳಿಯಲಿ ಅಂತಲಾ? ನಮ್ಮ ಊರಿನವರು ಯಾರಾದರೂ ಶಾಸಕರಾದರೆ ಹಾರ ಹಾಕಿ ‘ನಮ್ಮನ್ನೂ ಸ್ವಲ್ಪ ನೆನಪಿಟ್ಟುಕೊಳ್ಳಿ ಸಾರ್’ ಅನ್ನುತ್ತೇವಲ್ಲ, ಅದೇ ಇದು. ಅವರ ಜ್ಞಾಪಕಶಕ್ತಿಯ ಬಗ್ಗೆ ನಮಗೇನೂ ಅನುಮಾನವಿಲ್ಲ. ಕೆಲಸ ಆಗಬೇಕು, ಅಷ್ಟೇ. ಹೀಬ್ರೂ ಭಾಷೆಯ ‘ಝಾಖರ್’ ಅನ್ನುವ ಕ್ರಿಯಾಪದದ ಬಾಳೂ ಹೀಗೇ. ನೆನಪಿಸಿಕೊಂಡವನು ಕೈ ಆಡಿಸಬೇಕು. ಸುಮ್ನೆ ಕೂತರೆ ಅದು ನೆನಪಲ್ಲ.

ದೇವರ ವಿಷಯದಲ್ಲಿ ಈ ಪದ ಮೊದಲು ಬರುವುದು ಜಲಪ್ರಳಯದ ಕಥೆಯಲ್ಲಿ. 150 ದಿನ ನೀರು ಭೂಮಿಯನ್ನು ಮುಚ್ಚಿಕೊಂಡಿದೆ. ಆಗ ‘ದೇವರು ನೋಹನನ್ನು ನೆನಪಿಸಿಕೊಂಡ’ ಅಂತ ಬರುತ್ತದೆ. ಅದೇ ವಾಕ್ಯದಲ್ಲಿ ಗಾಳಿ ಬೀಸುತ್ತದೆ, ನೀರು ಇಳಿಯಲು ಶುರುವಾಗುತ್ತದೆ. ಸೊದೋಮ್ ಪಟ್ಟಣ ಉರಿಯುವಾಗ ದೇವರು ಅಬ್ರಹಾಮನನ್ನು ನೆನಪಿಸಿಕೊಂಡ, ಅವನ ತಮ್ಮನ ಮಗ ಲೋಟನನ್ನು ಹೊರಗೆ ಕಳಿಸಿದ. ಯಾಕೋಬನ ಹೆಂಡತಿ ರಾಹೇಲಳನ್ನು ನೆನಪಿಸಿಕೊಂಡ, ಅವಳು ಬಸುರಾದಳು. ಹನ್ನಳನ್ನು ನೆನಪಿಸಿಕೊಂಡ, ಸಮುವೇಲ ಹುಟ್ಟಿದ. ನೆನಪಿನ ಹಿಂದೆಯೇ ಪ್ರತಿಸಲ ಇನ್ನೊಂದು ಕ್ರಿಯಾಪದ ಬರುತ್ತದೆ, ಗಮನಿಸಿ.

ಯೆಹೂದಿಗಳ ಹೊಸವರ್ಷ ರೋಷ್ ಹಶಾನಾ. ಪ್ರಾರ್ಥನೆಯಲ್ಲಿ ಅದರ ಇನ್ನೊಂದು ಹೆಸರೇ ‘ನೆನಪಿನ ದಿನ’. ಅವತ್ತು ಟಗರಿನ ಕೊಂಬು ಊದುತ್ತಾರೆ, ‘ಝಿಖ್ರೋನೋತ್’ ಅಂದರೆ ‘ನೆನಪುಗಳು’ ಅನ್ನುವ ಭಾಗವನ್ನು ಓದುತ್ತಾರೆ. ಅದರಲ್ಲಿ 10 ವಚನ ಇರುತ್ತವೆ, ನೋಹನಿಂದ ಹಿಡಿದು. ಆ ಪ್ರಾರ್ಥನೆ ಒಂದು ಕಡೆ ‘ನಿನ್ನ ಸಿಂಹಾಸನದ ಮುಂದೆ ಮರೆವು ಅನ್ನುವುದೇ ಇಲ್ಲ’ ಅನ್ನುತ್ತದೆ. ಅದೇ ಉಸಿರಿನಲ್ಲಿ ‘ನಮ್ಮನ್ನು ನೆನಪಿಸಿಕೋ’ ಅಂತಲೂ ಬೇಡುತ್ತದೆ. ನೀವು ಕೇಳಿದ ಪ್ರಶ್ನೆ ಅದನ್ನು ಬರೆದವರಿಗೂ ಹೊಳೆದಿತ್ತು ಅನ್ನುವುದು ಇದರಲ್ಲೇ ಗೊತ್ತಾಗುತ್ತದೆ. ಹೊಳೆದ ಮೇಲೂ ಅವರು ಬೇಡುವುದನ್ನು ಬಿಡಲಿಲ್ಲ.

ಈಗ ನೀವು ಓದಿದ ಜಾಗಕ್ಕೆ ಬರೋಣ. ವಿಮೋಚನಕಾಂಡ 2ರ ಕೊನೆಯ ಮೂರು ವಚನ. ಐಗುಪ್ತದ ರಾಜ ಸತ್ತ. ಇಸ್ರಾಯೇಲ್ಯರು ಬಿಟ್ಟಿ ದುಡಿಮೆಯಲ್ಲಿ ನರಳಿದರು, ಕೂಗಿದರು. ಯಾರನ್ನು ಕೂಗಿದರು? ಅಲ್ಲಿ ಹೇಳಿಲ್ಲ. ‘ದೇವರೇ’ ಅಂದರು ಅಂತ ಬರೆದಿಲ್ಲ. ಬೆನ್ನು ನೋವಿಗೆ ಬಾಯಿಂದ ಬಂದ ಕೂಗು ಅದು, ತಾನಾಗಿ ಮೇಲಕ್ಕೆ ಹೋಯಿತು. ಆಮೇಲೆ ನಾಲ್ಕು ಕ್ರಿಯಾಪದ ಒಂದರ ಹಿಂದೆ ಒಂದು: ದೇವರು ಕೇಳಿದ, ನೆನಪಿಸಿಕೊಂಡ, ನೋಡಿದ, ಅರಿತ. ಕೊನೆಯದಕ್ಕೆ ಕರ್ಮಪದವೇ ಇಲ್ಲ. ಏನನ್ನು ಅರಿತ? ‘ದೇವರು ಅರಿತ’ ಅಂತ ಹೇಳಿ ಅಧ್ಯಾಯ ನಿಂತುಬಿಡುತ್ತದೆ. ಅನುವಾದ ಮಾಡುವವರು ಅಲ್ಲಿ ಏನಾದರೂ ಒಂದು ಪದ ತುರುಕಲು ಒದ್ದಾಡುತ್ತಾರೆ. ಖಾಲಿ ಬಿಟ್ಟರೇ ಚೆಂದ ಅನ್ನುವುದು ನನ್ನ ಅಭಿಪ್ರಾಯ.

ಇಸ್ರಾಯೇಲ್ಯರು ಪಾಪ ಮಾಡಿದ್ದರು, ಅದಕ್ಕೇ ಈ ಗುಲಾಮಗಿರಿ ಅಂತ ಆ ಅಧ್ಯಾಯಗಳಲ್ಲಿ ಎಲ್ಲೂ ಹೇಳಿಲ್ಲ ಅನ್ನುವುದನ್ನೂ ಗಮನಿಸಿ. ಅವರು ಪಶ್ಚಾತ್ತಾಪ ಪಟ್ಟರು, ಅದಕ್ಕೇ ಬಿಡುಗಡೆ ಅಂತಲೂ ಇಲ್ಲ. ಒಬ್ಬ ಹೊಸ ರಾಜ ಬಂದ, ಅವನಿಗೆ ಯೋಸೇಫ ಯಾರು ಅಂತ ಗೊತ್ತಿರಲಿಲ್ಲ, ಅಲ್ಲಿಂದ ಹಿಂಸೆ ಶುರು. ಕಷ್ಟ ಬಂದ ಮನೆಗೆ ಹೋಗಿ ‘ಏನೋ ಪಾಪ ಮಾಡಿರಬೇಕು’ ಅನ್ನುವ ಜನ ಎಲ್ಲ ಊರಲ್ಲೂ ಇದ್ದಾರೆ. ಅಂಥವರಿಗೆ ಈ ಅಧ್ಯಾಯ ಹೆಚ್ಚು ಸಹಾಯ ಮಾಡುವುದಿಲ್ಲ.

ನೆನಪಿಗೆ ಹೀಬ್ರೂವಿನಲ್ಲಿ ಇನ್ನೊಂದು ಪದವಿದೆ, ‘ಪಾಕದ್’. ಇದನ್ನು ಇಂಗ್ಲಿಷಿಗೆ ತರುವವರು ಪ್ರತಿ ಜಾಗದಲ್ಲೂ ಬೇರೆ ಬೇರೆ ಪದ ಹುಡುಕಬೇಕಾಗುತ್ತದೆ. ಕನ್ನಡದಲ್ಲಿ ನಮಗೆ ಒಂದು ಸಿದ್ಧ ಪದ ಇದೆ: ವಿಚಾರಿಸಿಕೊಳ್ಳುವುದು. ‘ಬಂದ ನೆಂಟರನ್ನು ಚೆನ್ನಾಗಿ ವಿಚಾರಿಸಿಕೊಂಡರು’ ಅಂದರೆ ಉಪಚಾರ. ‘ಇರು, ನಿನ್ನನ್ನು ಆಮೇಲೆ ವಿಚಾರಿಸಿಕೊಳ್ಳುತ್ತೇನೆ’ ಅಂದರೆ ಏಟು ಬೀಳುತ್ತದೆ ಅಂತ. ಪದ ಒಂದೇ, ಮುಖ ಎರಡು. ‘ಪಾಕದ್’ ಕೂಡ ಅಷ್ಟೇ. ಆದಿಕಾಂಡ 21ರಲ್ಲಿ ದೇವರು ಅಬ್ರಹಾಮನ ಮುದುಕಿ ಹೆಂಡತಿ ಸಾರಳನ್ನು ‘ವಿಚಾರಿಸಿಕೊಂಡ’, ಅವಳಿಗೆ ಇಸಾಕ ಹುಟ್ಟಿದ. ನೀವು ಹೇಳಿದ ವಿಮೋಚನಕಾಂಡ 20ರಲ್ಲಿ ಅದೇ ದೇವರು ತಂದೆಗಳ ಪಾಪವನ್ನು ಮಕ್ಕಳಲ್ಲಿ ‘ವಿಚಾರಿಸಿಕೊಳ್ಳುತ್ತಾನೆ’. ಎರಡೂ ‘ಪಾಕದ್’. ನಿಮ್ಮ ಮೊದಲನೇ ಪ್ರಶ್ನೆಗೂ ಕೊನೇ ಪ್ರಶ್ನೆಗೂ ಇರುವ ಗಂಟು ಇದೇ. ದೇವರ ಗಮನ ನಮ್ಮ ಮೇಲೆ ಬಿತ್ತು ಅಂದರೆ ಅದು ಯಾವ ವಿಚಾರಿಸಿಕೊಳ್ಳುವುದು ಅಂತ ಮೊದಲೇ ಗೊತ್ತಾಗುವುದಿಲ್ಲ.

ಯೋಸೇಫ ಸಾಯುವ ಮುಂಚೆ ಅಣ್ಣತಮ್ಮಂದಿರಿಗೆ ಹೇಳಿದ್ದು ಇದೇ ಪದವನ್ನು ಎರಡು ಸಲ ಜೋಡಿಸಿ: ದೇವರು ನಿಮ್ಮನ್ನು ವಿಚಾರಿಸಿಕೊಂಡೇ ವಿಚಾರಿಸಿಕೊಳ್ಳುತ್ತಾನೆ, ಆಗ ನನ್ನ ಮೂಳೆಗಳನ್ನು ಇಲ್ಲಿಂದ ಒಯ್ಯಿರಿ. ಉರಿಯುವ ಪೊದೆಯ ಹತ್ತಿರ ದೇವರು ಮೋಶೆಗೆ ಹೇಳಿಕೊಟ್ಟದ್ದೂ ಅದೇ ಜೋಡಿ ಪದ. ಶಾಸ್ತ್ರದ ಸಾಲುಗಳ ನಡುವೆ ಬೆಳೆದ ಕಥೆಗಳಿಗೆ ‘ಮಿದ್ರಾಷ್’ ಅನ್ನುತ್ತಾರೆ. ಅಂಥ ಒಂದು ಕಥೆಯಲ್ಲಿ ಹಿರಿಯರೆಲ್ಲ ಸೇರಿ ಸೆರಹ ಅನ್ನುವ ಅಜ್ಜಿಯ ಹತ್ತಿರ ಹೋಗುತ್ತಾರೆ. ಆಕೆ ಯಾಕೋಬನ ಮಗ ಆಶೇರನ ಮಗಳು, ಆ ತಲೆಮಾರಿನಲ್ಲಿ ಉಳಿದವಳು ಆಕೆಯೊಬ್ಬಳೇ. ಯಾರೋ ಒಬ್ಬ ಬಂದಿದ್ದಾನಮ್ಮ, ನಮ್ಮ ಕಣ್ಣೆದುರೇ ಏನೇನೋ ಪವಾಡ ಮಾಡಿದ ಅನ್ನುತ್ತಾರೆ. ಅದರಲ್ಲಿ ಏನೂ ಇಲ್ಲ ಅನ್ನುತ್ತಾಳೆ ಅಜ್ಜಿ. ಅವನು ಈ ಜೋಡಿ ಪದ ಹೇಳಿದ ಅಂದಾಗ ಮಾತ್ರ, ಹಾಗಾದರೆ ಇವನೇ, ನಮ್ಮಪ್ಪನ ಬಾಯಲ್ಲಿ ಈ ಮಾತು ಕೇಳಿದ್ದೇನೆ ಅನ್ನುತ್ತಾಳೆ. ಕೋಲು ಹಾವಾದದ್ದಕ್ಕೆ ಅವಳ ಹತ್ತಿರ ಕವಡೆ ಬೆಲೆಯಿಲ್ಲ, ನೋಡಿ.

ಸರಿ, 400 ವರ್ಷದ ಕಥೆ ಏನು? ಆ ಸಂಖ್ಯೆ ಮೊದಲು ಬರುವುದು ಆದಿಕಾಂಡ 15ರಲ್ಲಿ, ಅದೂ ಅಬ್ರಹಾಮನಿಗೆ ವಾಗ್ದಾನ ಕೊಡುವ ಹೊತ್ತಿನಲ್ಲೇ. ನಿನ್ನ ಸಂತಾನ ಪರದೇಶದಲ್ಲಿ 400 ವರ್ಷ ಪೀಡೆ ಪಡುತ್ತದೆ ಅಂತ ದೇವರು ಮುಂಚೆಯೇ ಹೇಳುತ್ತಾನೆ. ಆಶೀರ್ವಾದದ ಪತ್ರದಲ್ಲೇ ಕಷ್ಟದ ಷರಾ ಇದೆ ಅಂತ ಇಟ್ಟುಕೊಳ್ಳಿ. ತಡವಾಗುವುದಕ್ಕೆ ಅಲ್ಲಿ ಕೊಟ್ಟ ಕಾರಣ ಒಂದೇ: ಅಬ್ರಹಾಮನಿಗೆ ಮಾತು ಕೊಟ್ಟ ದೇಶ ಕಾನಾನಿನಲ್ಲಿರುವ ಅಮೋರಿಯರ ಪಾಪದ ಕೊಡ ಇನ್ನೂ ತುಂಬಿಲ್ಲ. ಅವರ ಸರದಿ ಮುಗಿಯದೆ ಅವರನ್ನು ಎಬ್ಬಿಸುವ ಹಾಗಿಲ್ಲ. ನ್ಯಾಯ ಅವರಿಗೂ ಬೇಕಲ್ಲ. ಆದರೆ ಅಷ್ಟು ದಿನ ಇಟ್ಟಿಗೆ ಹೊತ್ತವರು ಬೇರೆಯವರು.

ಲೆಕ್ಕದ ಬಗ್ಗೆ ಒಂದು ಮಾತು. ವಿಮೋಚನಕಾಂಡ 12 ಹೇಳುವುದು 430 ವರ್ಷ. ರಬ್ಬಿಗಳು, ಅಂದರೆ ಯೆಹೂದಿ ಧರ್ಮಗುರುಗಳು, 400 ವರ್ಷವನ್ನು ಇಸಾಕ ಹುಟ್ಟಿದ ದಿನದಿಂದ ಎಣಿಸುತ್ತಾರೆ. ಹಾಗೆ ಎಣಿಸಿದರೆ ಐಗುಪ್ತದಲ್ಲಿ ಇದ್ದದ್ದು 210 ವರ್ಷ. ಯಾಕೆ ಹೀಗೆ ಎಳೆದಾಡುತ್ತಾರೆ ಅಂದರೆ ಐಗುಪ್ತಕ್ಕೆ ಹೋದವರ ವಂಶಾವಳಿಯಲ್ಲಿ 400 ವರ್ಷಕ್ಕೆ ಸಾಕಾಗುವಷ್ಟು ತಲೆಮಾರು ಸಿಗುವುದಿಲ್ಲ. ಅದು ಅಲ್ಲಿಗೆ ಸಾಕು.

ಇದಕ್ಕಿಂತ ಬೆರಗಿನ ಮಾತು ತಾಲ್ಮುದಿನ ನೆದಾರಿಮ್ ಭಾಗದಲ್ಲಿದೆ. ತಾಲ್ಮುದ್ ಅಂದರೆ ಶತಮಾನಗಳ ಕಾಲ ರಬ್ಬಿಗಳು ನಡೆಸಿದ ವಾದವಿವಾದಗಳ ಸಂಗ್ರಹ. ಅಲ್ಲಿ ಪ್ರಶ್ನೆ ಹೀಗಿದೆ: ಅಬ್ರಹಾಮನಿಗೆ ಯಾಕೆ ಶಿಕ್ಷೆಯಾಯಿತು, ಅವನ ಮಕ್ಕಳು 210 ವರ್ಷ ಯಾಕೆ ಗುಲಾಮರಾದರು? ಒಬ್ಬರು ಹೇಳುತ್ತಾರೆ, ವಿದ್ಯಾವಂತರನ್ನು ಯುದ್ಧಕ್ಕೆ ಎಳೆದ, ಅದಕ್ಕೆ. ಇನ್ನೊಬ್ಬರು, ದೇಶ ನನ್ನದಾಗುತ್ತದೆ ಅಂತ ನನಗೆ ಹೇಗೆ ಗೊತ್ತಾಗಬೇಕು ಅಂತ ದೇವರನ್ನೇ ಕೇಳಿದ, ಅದಕ್ಕೆ. ಮೂರನೆಯವರು, ದೇವರ ಆಸರೆಗೆ ಬರಬಹುದಾಗಿದ್ದ ಜನರನ್ನು ತಡೆದ, ಅದಕ್ಕೆ. ಯಾರ ಪುಣ್ಯದ ಬಗ್ಗೆ ನೀವು ಕೇಳುತ್ತಿದ್ದೀರೋ ಅದೇ ಅಬ್ರಹಾಮನ ತಪ್ಪನ್ನು ಇವರು ಹುಡುಕುತ್ತಿದ್ದಾರೆ! ಈ ಮೂರು ಉತ್ತರಗಳಲ್ಲಿ ಯಾವುದೂ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಒಬ್ಬ ಒಂದು ಪ್ರಶ್ನೆ ಕೇಳಿದ್ದಕ್ಕೆ ಮರಿಮಕ್ಕಳು ಮಣ್ಣು ತುಳಿಯಬೇಕೇ? ಆದರೆ ಹಿರಿಯರನ್ನು ದೇವರ ಪಟದ ಪಕ್ಕ ನೇತುಹಾಕಿ ಕೈಮುಗಿಯುವ ಸ್ವಭಾವ ಇವರಿಗಿರಲಿಲ್ಲ ಅನ್ನುವುದಂತೂ ಖಂಡಿತ.

‘ಪುಣ್ಯ’ ಅನ್ನುವ ನಿಮ್ಮ ಪದವನ್ನೂ ಸ್ವಲ್ಪ ಬಿಡಿಸಬೇಕು. ನಮ್ಮ ಕಥೆಗಳಲ್ಲಿ ಪುಣ್ಯ ಒಂದು ಗಂಟು. ಖರ್ಚಾಗುತ್ತದೆ, ತೀರಿದರೆ ಸ್ವರ್ಗದಿಂದ ಕೆಳಗಿಳಿಯಬೇಕು. ರಬ್ಬಿಗಳು ಬಳಸುವ ಪದ ‘ಝಖೂತ್ ಆವೋತ್’, ಅಂದರೆ ಪಿತೃಗಳ ಝಖೂತ್. ಈ ಜೋಡಿ ಪದ ಬೈಬಲ್ಲಿನಲ್ಲಿ ಇಲ್ಲ, ಆಮೇಲೆ ಬಂದದ್ದು. ‘ಝಖೂತ್’ ಕೋರ್ಟಿನ ಮಾತೂ ಹೌದು. ಆರೋಪಿ ನಿರ್ದೋಷಿ ಅನ್ನುವುದಕ್ಕೆ ‘ಝಕ್ಕಾಯ್’, ಅವನ ಪರ ಮಂಡಿಸುವ ವಾದವೇ ‘ಝಖೂತ್’. ಸುಮಾರು ಕ್ರಿ.ಶ. 200ರ ಹೊತ್ತಿಗೆ ಸಂಗ್ರಹವಾದ ಮಿಷ್ನಾ ಅನ್ನುವ ರಬ್ಬಿಗಳ ಕಾನೂನು ಗ್ರಂಥದಲ್ಲಿ ಒಂದು ನಿಯಮವಿದೆ: ಮರಣದಂಡನೆಯ ಕೇಸಿನಲ್ಲಿ ಚರ್ಚೆ ಝಖೂತಿನಿಂದಲೇ ಶುರುವಾಗಬೇಕು, ಆರೋಪದಿಂದ ಅಲ್ಲ. ಹಾಗಾಗಿ ಪಿತೃಗಳ ಝಖೂತನ್ನು ಬ್ಯಾಂಕಿನಲ್ಲಿಟ್ಟ ಠೇವಣಿ ಅಂತ ನೋಡುವುದಕ್ಕಿಂತ, ಕಟಕಟೆಯಲ್ಲಿ ನಿಂತವನ ಪರ ವಕೀಲ ಎತ್ತಿ ತೋರಿಸುವ ಕಾಗದ ಅಂತ ನೋಡಿದರೆ ಬಹಳಷ್ಟು ಬಗೆಹರಿಯುತ್ತದೆ. ಕಾಗದ ತಾನಾಗಿ ಕೆಲಸ ಮಾಡುವುದಿಲ್ಲ. ಯಾರಾದರೂ ಎದ್ದು ನಿಂತು ಅದನ್ನು ಓದಬೇಕು.

ಮೋಶೆ ಮಾಡಿದ್ದು ಅದನ್ನೇ. ಜನ ಚಿನ್ನದ ಕರು ಮಾಡಿ ಕುಣಿದಾಗ ದೇವರು ಅವನಿಗೆ, ನನ್ನನ್ನು ಬಿಡು, ಇವರನ್ನು ಮುಗಿಸಿ ನಿನ್ನಿಂದಲೇ ಹೊಸ ಜನಾಂಗ ಮಾಡುತ್ತೇನೆ ಅನ್ನುತ್ತಾನೆ. ಮೋಶೆ, ಅಬ್ರಹಾಮ ಇಸಾಕ ಇಸ್ರಾಯೇಲರನ್ನು (ಇಸ್ರಾಯೇಲ ಅಂದರೆ ಯಾಕೋಬ) ನೆನಪಿಸಿಕೋ, ಅವರಿಗೆ ಆಣೆ ಇಟ್ಟಿದ್ದೀಯ ಅನ್ನುತ್ತಾನೆ. ತಾಲ್ಮುದ್ ಇಲ್ಲಿ ಅವನ ಬಾಯಿಗೆ ಇನ್ನೂ ಒಂದು ಮಾತು ಹಾಕುತ್ತದೆ: ಸ್ವಾಮಿ, ನಿನ್ನ ಕೋಪದ ಮುಂದೆ ಮೂರು ಕಾಲಿನ ಪೀಠವೇ ನಿಲ್ಲಲಿಲ್ಲ, ಇನ್ನು ಒಂದು ಕಾಲಿನದು ನಿಲ್ಲುತ್ತದಾ? ಮೂರು ಕಾಲು ಅಂದರೆ ಅಬ್ರಹಾಮ, ಇಸಾಕ, ಯಾಕೋಬ. ಒಂದು ಕಾಲು ಅಂದರೆ ತಾನೊಬ್ಬನೇ. ಎಷ್ಟು ಚುರುಕು ನೋಡಿ. ಹಿರಿಯರನ್ನು ಹೊಗಳುತ್ತಲೇ, ಆ ಹೊಗಳಿಕೆಯೇ ಸಾಕಾಗದೆ ಹೋಯಿತಲ್ಲ ಅಂತ ದೇವರನ್ನು ಚುಚ್ಚುತ್ತಿದ್ದಾನೆ.

ತಂದೆಯ ಪಾಪ ಮಕ್ಕಳಿಗೆ ಅನ್ನುವ ವಚನದ ಬಗ್ಗೆ ಹೇಳಬೇಕಾದ್ದು ಕಡಿಮೆ, ಯಾಕೆಂದರೆ ಬೈಬಲ್ಲೇ ಅದರ ಜೊತೆ ಜಗಳ ಆಡಿ ಮುಗಿಸಿದೆ. ಮೂರು ನಾಲ್ಕು ತಲೆಮಾರಿನ ಶಿಕ್ಷೆಯ ಪಕ್ಕದಲ್ಲೇ ಸಾವಿರಾರು ತಲೆಮಾರಿನ ಕರುಣೆ ಇದೆ. ರಬ್ಬಿಗಳು ಅದನ್ನು ಲೆಕ್ಕ ಹಾಕಿ, ‘ಸಾವಿರಾರು’ ಅಂದರೆ ಕನಿಷ್ಠ 2000, ಅದನ್ನು 4ರಿಂದ ಭಾಗಿಸಿ, ಕರುಣೆ ಶಿಕ್ಷೆಗಿಂತ 500 ಪಟ್ಟು ದೊಡ್ಡದು ಅಂದರು. ಯೆರೂಸಲೇಮ್ ಬಾಬಿಲೋನಿನ ಕೈಗೆ ಬಿದ್ದ ಕಾಲದಲ್ಲಿ ಜನರ ಬಾಯಲ್ಲಿ ಒಂದು ಗಾದೆ ಓಡಾಡುತ್ತಿತ್ತು: ಅಪ್ಪಂದಿರು ಹುಳಿದ್ರಾಕ್ಷಿ ತಿಂದರು, ಮಕ್ಕಳ ಹಲ್ಲು ಜುಮ್ಮೆಂದಿತು. ಪ್ರವಾದಿಗಳಾದ ಯೆರೆಮೀಯನೂ ಯೆಹೆಜ್ಕೇಲನೂ ಆ ಗಾದೆಯನ್ನು ಎತ್ತಿ ಬಿಸಾಡುತ್ತಾರೆ. ಪಾಪ ಮಾಡಿದವನೇ ಸಾಯುತ್ತಾನೆ, ಮಗ ಅಪ್ಪನ ಅಪರಾಧ ಹೊರುವುದಿಲ್ಲ ಅನ್ನುತ್ತಾನೆ ಯೆಹೆಜ್ಕೇಲ. ನಮ್ಮ ‘ಮಾಡಿದ್ದುಣ್ಣೋ ಮಹಾರಾಯ’ ಇದಕ್ಕೆ ಹತ್ತಿರ. ತಾಲ್ಮುದ್ ಮುಚ್ಚುಮರೆಯಿಲ್ಲದೆ ಹೇಳುತ್ತದೆ: ಮೋಶೆ ಒಂದು ತೀರ್ಪು ಕೊಟ್ಟ, ಯೆಹೆಜ್ಕೇಲ ಬಂದು ಅದನ್ನು ರದ್ದು ಮಾಡಿದ.

ಆದರೆ ಅದೇ ಕಾಲದ ಪ್ರಲಾಪಗಳ ಪುಸ್ತಕದಲ್ಲಿ ಇನ್ನೊಂದು ದನಿಯಿದೆ. ನಮ್ಮ ತಂದೆಗಳು ಪಾಪ ಮಾಡಿದರು, ಅವರು ಈಗಿಲ್ಲ, ಅವರ ಪಾಪ ನಾವು ಹೊತ್ತಿದ್ದೇವೆ ಅಂತ. ಪ್ರವಾದಿ ರದ್ದು ಮಾಡಿದರೂ ಅನುಭವ ರದ್ದಾಗಲಿಲ್ಲ. ಅಪ್ಪ ಮಾಡಿದ ಸಾಲಕ್ಕೆ ಹೊಲ ಕಳೆದುಕೊಂಡ ಮಗನಿಗೆ ಯೆಹೆಜ್ಕೇಲನ 18ನೇ ಅಧ್ಯಾಯ ಓದಿ ಹೇಳಿ ನೋಡಿ, ಏನನ್ನುತ್ತಾನೆ ಅಂತ.

ಠೇವಣಿಯ ಲೆಕ್ಕವೂ ಈ ಪರಂಪರೆಗೆ ತೀರಾ ಹೊರಗಿನದಲ್ಲ, ಅದನ್ನು ಒಪ್ಪಿಕೊಳ್ಳಬೇಕು. ತಾಲ್ಮುದಿನ ಶಬ್ಬಾತ್ ಭಾಗದಲ್ಲಿ ರಬ್ಬಿಗಳು ಪಿತೃಗಳ ಝಖೂತ್ ಯಾವಾಗ ಮುಗಿದುಹೋಯಿತು ಅಂತ ಕೇಳಿಕೊಳ್ಳುತ್ತಾರೆ. ಪ್ರವಾದಿ ಹೋಶೇಯನ ಕಾಲಕ್ಕೆ ಅನ್ನುತ್ತಾರೆ ಒಬ್ಬರು. ಹಜಾಯೇಲನ ಕಾಲಕ್ಕೆ, ಎಲೀಯನ ಕಾಲಕ್ಕೆ, ಹಿಜ್ಕೀಯನ ಕಾಲಕ್ಕೆ ಅಂತ ಉಳಿದವರು. ಮುಗಿದಿದೆ ಅನ್ನುವುದರಲ್ಲಿ ನಾಲ್ವರಿಗೂ ಅನುಮಾನವಿಲ್ಲ, ತಾರೀಖಿನ ಬಗ್ಗೆ ಮಾತ್ರ ತಕರಾರು. ಹಾಗಾದರೆ ಇವತ್ತಿಗೂ ದಿನಾ ಮಾಡುವ ಪ್ರಾರ್ಥನೆಯಲ್ಲಿ ಅಬ್ರಹಾಮನ ದೇವರು, ಇಸಾಕನ ದೇವರು, ಯಾಕೋಬನ ದೇವರು ಅಂತ ಯಾಕೆ ಹೇಳಬೇಕು? 12ನೇ ಶತಮಾನದ ಫ್ರಾನ್ಸಿನಲ್ಲಿದ್ದ ರಬ್ಬೇನು ತಾಮ್ ಇದಕ್ಕೆ ಕೊಟ್ಟ ಉತ್ತರ: ಪಿತೃಗಳ ಝಖೂತ್ ಮುಗಿಯಿತು, ಪಿತೃಗಳ ಜೊತೆಗಿನ ಒಡಂಬಡಿಕೆ ಮುಗಿದಿಲ್ಲ. ಎರಡನೇ ಕ್ರುಸೇಡಿನ, ಅಂದರೆ ಕ್ರೈಸ್ತರ ಧರ್ಮಯುದ್ಧದ ಹೊತ್ತಿನಲ್ಲಿ, 1147ರಲ್ಲಿ, ಕ್ರುಸೇಡಿನವರು ಇದೇ ರಬ್ಬೇನು ತಾಮ್ ಮೇಲೆ ಬಿದ್ದು ತಲೆಗೆ ಗಾಯ ಮಾಡಿದ್ದರು. ಆತ ಬದುಕಿ ಉಳಿದದ್ದೇ ಹೆಚ್ಚು.

ಆತನ ಮಾತಿನಲ್ಲಿರುವ ವ್ಯತ್ಯಾಸವೇ ನಿಮ್ಮ ಪ್ರಶ್ನೆಯ ನಡುಮಧ್ಯ. ಹಿರಿಯರು ಏನು ಮಾಡಿದರು ಅನ್ನುವುದು ಖರ್ಚಾಗಬಹುದು. ಹಿರಿಯರಿಗೆ ಏನು ಮಾತು ಕೊಟ್ಟಿದ್ದೆ ಅನ್ನುವುದು ಕೊಟ್ಟವನ ತಲೆಮೇಲೆ ಇರುತ್ತದೆ. ವಿಮೋಚನಕಾಂಡ 2ರಲ್ಲಿ ದೇವರು ನೆನಪಿಸಿಕೊಂಡದ್ದು ಅಬ್ರಹಾಮನ ಒಳ್ಳೆಯ ಕೆಲಸಗಳನ್ನಲ್ಲ, ತನ್ನದೇ ಒಡಂಬಡಿಕೆಯನ್ನು. ಧರ್ಮೋಪದೇಶಕಾಂಡ 9 ಇದನ್ನು ಇನ್ನೂ ಒರಟಾಗಿ ಹೇಳುತ್ತದೆ: ಈ ದೇಶ ನಿನಗೆ ಸಿಗುವುದು ನಿನ್ನ ಒಳ್ಳೆಯತನಕ್ಕಲ್ಲ, ನೀನು ಮೊಂಡು ಜನ.

ಹಿರಿಯರ ಬಗ್ಗೆ ನನಗೆ ಬಹಳ ಇಷ್ಟವಾದ ಕಥೆ ಹೇಳಿಬಿಡುತ್ತೇನೆ. ಇದೂ ಶಬ್ಬಾತ್ ಭಾಗದ್ದೇ. ಯೆಶಾಯನ 63ನೇ ಅಧ್ಯಾಯದಲ್ಲಿ ಜನ ದೇವರಿಗೆ, ಅಬ್ರಹಾಮನಿಗೆ ನಮ್ಮ ಗುರುತಿಲ್ಲ, ಇಸ್ರಾಯೇಲ ಅಂದರೆ ಯಾಕೋಬ ನಮ್ಮನ್ನು ಅರಿಯ, ನೀನೇ ನಮ್ಮ ಅಪ್ಪ ಅನ್ನುತ್ತಾರೆ. ಇದೇನಿದು, ಅಬ್ರಹಾಮನಿಗೆ ಯಾಕೆ ಗುರುತಿಲ್ಲ? ಮುಂದೆ ಒಂದು ದಿನ ಹೀಗಾಗುತ್ತದಂತೆ. ದೇವರು ಅಬ್ರಹಾಮನನ್ನು ಕರೆದು ನಿನ್ನ ಮಕ್ಕಳು ತಪ್ಪು ಮಾಡಿದ್ದಾರೆ ಅನ್ನುತ್ತಾನೆ. ನಿನ್ನ ಹೆಸರಿನ ಪವಿತ್ರತೆಗಾಗಿ ಅಳಿದುಹೋಗಲಿ ಬಿಡು ಅನ್ನುತ್ತಾನೆ ಅಬ್ರಹಾಮ. ಮಕ್ಕಳನ್ನು ಸಾಕುವುದರಲ್ಲಿ ಬೇಕಾದಷ್ಟು ನೋವು ತಿಂದವನು, ಇವನಾದರೂ ಕರುಣೆ ಕೇಳುತ್ತಾನೆ ಅಂತ ಯಾಕೋಬನನ್ನು ಕೇಳಿದರೆ ಅವನದೂ ಅದೇ ಉತ್ತರ. ದೇವರಿಗೆ ಬೇಸರ. ಮುದುಕರಲ್ಲಿ ಬುದ್ಧಿಯಿಲ್ಲ, ಕಿರಿಯರಲ್ಲಿ ಸಲಹೆಯಿಲ್ಲ ಅಂದುಕೊಂಡು ಇಸಾಕನ ಹತ್ತಿರ ಹೋಗುತ್ತಾನೆ.

ಇಸಾಕ ಅಂದರೆ ಅಪ್ಪ ಅಬ್ರಹಾಮನೇ ಬಲಿ ಕೊಡಲು ಕಟ್ಟಿಗೆ ಮೇಲೆ ಕಟ್ಟಿಹಾಕಿದ ಮಗ. ಅವನು ಮೊದಲು, ನನ್ನ ಮಕ್ಕಳಾ, ನಿನ್ನ ಮಕ್ಕಳಲ್ಲವಾ ಅಂತ ತಿರುಗಿ ಕೇಳುತ್ತಾನೆ. ಆಮೇಲೆ ಕೂತು ಲೆಕ್ಕ ಶುರು ಮಾಡುತ್ತಾನೆ. ಎಷ್ಟು ಪಾಪ ಮಾಡಿದ್ದಾರು ಮಹಾ? ಮನುಷ್ಯನ ಆಯಸ್ಸು 70 ವರ್ಷ. ಮೊದಲ 20 ವರ್ಷಕ್ಕೆ ನೀನು ಶಿಕ್ಷೆ ಕೊಡುವುದಿಲ್ಲ, ಅದನ್ನು ಕಳಿ, ಉಳಿದದ್ದು 50. ಅದರಲ್ಲಿ 25 ರಾತ್ರಿಯ ಪಾಲು. ಉಳಿದ 25ರಲ್ಲಿ ಪ್ರಾರ್ಥನೆ, ಊಟ, ಕಕ್ಕಸು ಅಂತ ಹನ್ನೆರಡೂವರೆ ಹೋಯಿತು. ಮಿಕ್ಕಿದ್ದು ಹನ್ನೆರಡೂವರೆ ವರ್ಷ. ಪೂರ್ತಿ ನೀನೇ ಹೊರುತ್ತೀಯಾ, ಸರಿ. ಇಲ್ಲವಾ, ಅರ್ಧ ನನಗೆ ಅರ್ಧ ನಿನಗೆ. ಪೂರ್ತಿ ನಾನೇ ಹೊರಬೇಕು ಅಂತೀಯಾ, ನನ್ನ ಜೀವವನ್ನೇ ನಿನ್ನ ಮುಂದೆ ಇಟ್ಟವನು ನಾನು.

ಪಾಠ ಮಾಡುವಾಗ ಇದನ್ನು ಹೇಳಿದರೆ ಕಕ್ಕಸಿನ ಹತ್ತಿರ ಬಂದಾಗ ಎಲ್ಲರೂ ನಗುತ್ತಾರೆ. ಕೊನೆಯ ಸಾಲಿಗೆ ಬಂದಾಗ ಯಾರೂ ನಗುವುದಿಲ್ಲ. ಸಂತೆಯಲ್ಲಿ ಸೊಪ್ಪಿಗೆ ಚೌಕಾಸಿ ಮಾಡುವವನ ಹಾಗೆ ಮಾತಾಡುತ್ತಿದ್ದವನು ಒಮ್ಮೆಲೇ ಕಟ್ಟಿಹಾಕಿದ ಕೈ ತೋರಿಸುತ್ತಾನೆ. ಪಿತೃಗಳ ಝಖೂತ್ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಕೊಡುವ ಉದಾಹರಣೆ ಇದೇ. ಭಕ್ತಿಯಲ್ಲಿ ಎಲ್ಲರಿಗಿಂತ ದೊಡ್ಡವನಾದ ಅಬ್ರಹಾಮ ಇಲ್ಲಿ ಕೆಲಸಕ್ಕೆ ಬರಲಿಲ್ಲ. ಹಿಂಸೆ ಏನು ಅಂತ ಮೈಯಲ್ಲಿ ಅರಿತವನು ಕೆಲಸಕ್ಕೆ ಬಂದ.

ರಾಹೇಲಳ ಕಥೆಯೂ ಇದೇ ದಾರಿ ಹಿಡಿಯುತ್ತದೆ. ಯೆರೂಸಲೇಮಿನ ದೇವಾಲಯ ಸುಟ್ಟಿದೆ, ಜನ ಸೆರೆ ಹೋಗುತ್ತಿದ್ದಾರೆ. ಪ್ರಲಾಪಗಳ ಮೇಲಿನ ಮಿದ್ರಾಷಿನಲ್ಲಿ ಅಬ್ರಹಾಮ, ಇಸಾಕ, ಯಾಕೋಬ, ಮೋಶೆ ಒಬ್ಬೊಬ್ಬರಾಗಿ ಬಂದು ದೇವರ ಮುಂದೆ ತಾವು ಮಾಡಿದ ತ್ಯಾಗ ಹೇಳಿಕೊಳ್ಳುತ್ತಾರೆ. ಏನೂ ಆಗುವುದಿಲ್ಲ. ಆಗ ರಾಹೇಲ ಎದ್ದು ಬರುತ್ತಾಳೆ. ಯಾಕೋಬ ಅವಳಿಗಾಗಿ 7 ವರ್ಷ ದುಡಿದಿದ್ದ. ಮದುವೆಯ ರಾತ್ರಿ ಅಪ್ಪ ಅವಳ ಜಾಗದಲ್ಲಿ ಅಕ್ಕ ಲೇಯಳನ್ನು ಕಳಿಸಿದ. ರಾಹೇಲಳಿಗೆ ಈ ಮೋಸ ಮೊದಲೇ ಗೊತ್ತಾಗಿ, ಯಾಕೋಬನಿಗೆ ಗುರುತಿನ ಸನ್ನೆ ಹೇಳಿಟ್ಟಿದ್ದಳು. ಆಮೇಲೆ ಅಕ್ಕನಿಗೆ ಅವಮಾನವಾಗಬಾರದು ಅಂತ ಆ ಸನ್ನೆಗಳನ್ನೆಲ್ಲ ಅಕ್ಕನಿಗೇ ಹೇಳಿಕೊಟ್ಟಳು. ಸಾಲದು ಅಂತ ಮಂಚದ ಕೆಳಗೆ ನುಸುಳಿ ಮಲಗಿದಳು. ಯಾಕೋಬ ಮಾತಾಡಿಸಿದಾಗೆಲ್ಲ ಅಕ್ಕ ಸುಮ್ಮನಿದ್ದಳು, ತಂಗಿ ಕೆಳಗಿಂದ ಉತ್ತರ ಕೊಟ್ಟಳು, ದನಿ ಗುರುತು ಸಿಗದಿರಲಿ ಅಂತ. ಇದನ್ನು ಹೇಳಿ ರಾಹೇಲ ದೇವರನ್ನು ಕೇಳುತ್ತಾಳೆ: ರಕ್ತಮಾಂಸದ ನಾನು, ಧೂಳು ಬೂದಿಯ ನಾನು, ಸವತಿಯ ಮೇಲೆ ಹೊಟ್ಟೆಕಿಚ್ಚು ಪಡಲಿಲ್ಲ. ನೀನು ಶಾಶ್ವತ ರಾಜ, ಜೀವವಿಲ್ಲದ ವಿಗ್ರಹಗಳ ಮೇಲೆ ಹೊಟ್ಟೆಕಿಚ್ಚು ಪಟ್ಟು ನನ್ನ ಮಕ್ಕಳನ್ನು ಗಡಿಪಾರು ಮಾಡಿದೆಯಾ? ಆಗ ದೇವರ ಕರುಳು ಕಲಕಿತು. ನಿನಗೋಸ್ಕರ ಇವರನ್ನು ವಾಪಸ್ ತರುತ್ತೇನೆ ಅಂದ.

ಇದಕ್ಕೆ ಬೀಜ ಯೆರೆಮೀಯ 31ರಲ್ಲಿದೆ. ರಾಮದಲ್ಲಿ ರಾಹೇಲ ಮಕ್ಕಳಿಗಾಗಿ ಅಳುತ್ತಾಳೆ, ಸಮಾಧಾನ ಬೇಡ ಅನ್ನುತ್ತಾಳೆ. ಕೆಲವೇ ಸಾಲು ಕೆಳಗೆ ದೇವರು ಅವಳ ಮೊಮ್ಮಗ ಎಫ್ರಾಯೀಮನ ಬಗ್ಗೆ, ಅವನ ವಿಷಯ ಎತ್ತಿದಾಗೆಲ್ಲ ಅವನನ್ನು ನೆನಪಿಸಿಕೊಂಡೇ ನೆನಪಿಸಿಕೊಳ್ಳುತ್ತೇನೆ ಅನ್ನುತ್ತಾನೆ. ಈ ಅಧ್ಯಾಯವನ್ನು ರೋಷ್ ಹಶಾನಾದ ಎರಡನೇ ದಿನ ಓದುತ್ತಾರೆ. ಮೊದಲ ದಿನ ಓದುವುದು ಸಾರಳ ಮತ್ತು ಹನ್ನಳ ಕಥೆ. ನೆನಪಿನ ದಿನದಲ್ಲಿ ಅಳುವ ಹೆಂಗಸರಿಗೆ ಇಷ್ಟು ಜಾಗವಿದೆ.

ಇಷ್ಟೆಲ್ಲ ಹೇಳಿದರೂ ಕಷ್ಟಕ್ಕೆ ಕಾರಣ ಹೇಳಿದ ಹಾಗಾಗಲಿಲ್ಲ, ಗೊತ್ತು. 44ನೇ ಕೀರ್ತನೆ ದೇವರಿಗೇ, ಇದೆಲ್ಲ ನಮ್ಮ ಮೇಲೆ ಬಂದರೂ ನಾವು ನಿನ್ನನ್ನು ಮರೆತಿಲ್ಲ, ನೀನು ಯಾಕೆ ನಮ್ಮ ಸಂಕಟ ಮರೆಯುತ್ತೀಯ ಅಂತ ಕೇಳುತ್ತದೆ. ಉತ್ತರ ಬರುವುದಿಲ್ಲ. ತಪ್ಪಿಲ್ಲದೆ ಎಲ್ಲ ಕಳೆದುಕೊಂಡ ಯೋಬನಿಗಂತೂ ಹಿಂದೆ ನಿಲ್ಲುವ ಅಬ್ರಹಾಮನೂ ಇಲ್ಲ. ಕೆಟ್ಟವನ ಪಾಪವನ್ನು ದೇವರು ಅವನ ಮಕ್ಕಳಿಗೆ ಎತ್ತಿಡುತ್ತಾನೆ ಅನ್ನುತ್ತಾರಲ್ಲ, ಅವನಿಗೇ ಕೊಡಲಿ, ಅವನಿಗೇ ಗೊತ್ತಾಗಲಿ ಅನ್ನುತ್ತಾನೆ ಯೋಬ. ತಾಲ್ಮುದಿನಲ್ಲಿ ಯೋಹಾನಾನ್ ಅನ್ನುವ ರಬ್ಬಿ ಬರುತ್ತಾರೆ. 10 ಜನ ಗಂಡುಮಕ್ಕಳನ್ನು ಕಳೆದುಕೊಂಡವರು. ಕಾಯಿಲೆ ಬಿದ್ದ ಶಿಷ್ಯನನ್ನು ನೋಡಲು ಹೋಗಿ, ಈ ಸಂಕಟ ನಿನಗೆ ಪ್ರಿಯವಾ ಅಂತ ಕೇಳುತ್ತಾರೆ. ಸಂಕಟವೂ ಬೇಡ, ಅದರ ಫಲವೂ ಬೇಡ ಅನ್ನುತ್ತಾನೆ ಶಿಷ್ಯ. ಗುರು ಉಪದೇಶ ಮಾಡುವುದಿಲ್ಲ. ಕೈ ಕೊಡು ಅನ್ನುತ್ತಾರೆ, ಎಬ್ಬಿಸುತ್ತಾರೆ.

ನೀವು ಇನ್ನೂ ವಿಮೋಚನಕಾಂಡ ಓದುತ್ತಿದ್ದೀರಲ್ಲ, ಮುಂದೆ 5 ಮತ್ತು 6ನೇ ಅಧ್ಯಾಯಕ್ಕೆ ಬಂದಾಗ ಸ್ವಲ್ಪ ನಿಧಾನ ಮಾಡಿ. ದೇವರು ನೆನಪಿಸಿಕೊಂಡ, ಮೋಶೆಯನ್ನು ಕಳಿಸಿದ. ಅದಾದ ಮೇಲೆ ಮೊದಲು ಆದದ್ದೇನು? ಗೋಳು ಜಾಸ್ತಿಯಾಯಿತು. ಫರೋಹ ಇಟ್ಟಿಗೆಗೆ ಕೊಡುತ್ತಿದ್ದ ಹುಲ್ಲು ನಿಲ್ಲಿಸಿದ, ಇಟ್ಟಿಗೆಯ ಲೆಕ್ಕ ಮಾತ್ರ ಒಂದೂ ಇಳಿಸಲಿಲ್ಲ. ಜನ ಹೊಲದಲ್ಲಿ ಕೂಳೆ ಆರಿಸುತ್ತಾ ಅಲೆದರು, ಅವರ ಮೇಸ್ತ್ರಿಗಳಿಗೆ ಏಟು ಬಿತ್ತು. ಮೋಶೆ ವಾಪಸ್ ಹೋಗಿ ದೇವರನ್ನು ತರಾಟೆಗೆ ತೆಗೆದುಕೊಂಡ: ಈ ಜನಕ್ಕೆ ಯಾಕೆ ಕೇಡು ಮಾಡಿದೆ? ನನ್ನನ್ನು ಯಾಕೆ ಕಳಿಸಿದೆ? ದೇವರು ಮತ್ತೆ, ನನ್ನ ಒಡಂಬಡಿಕೆಯನ್ನು ನೆನಪಿಸಿಕೊಂಡಿದ್ದೇನೆ ಅಂದ. ಮೋಶೆ ಹೋಗಿ ಅದನ್ನು ಜನಕ್ಕೆ ಹೇಳಿದ. ಅವರು ಕೇಳಿಸಿಕೊಳ್ಳಲಿಲ್ಲ. ಹೀಬ್ರೂವಿನಲ್ಲಿ ಅದಕ್ಕೆ ಕೊಟ್ಟ ಕಾರಣ ‘ಕೋತ್ಸೆರ್ ರೂವಾಖ್’, ಅಕ್ಷರಶಃ ಉಸಿರು ಗಿಡ್ಡವಾಗಿತ್ತು, ದುಡಿಮೆ ಕಠಿಣವಾಗಿತ್ತು. ಅದಕ್ಕಾಗಿ ದೇವರು ಅವರ ಮೇಲೆ ಒಂದು ಮಾತೂ ಆಡುವುದಿಲ್ಲ. ಮುಂದಿನ ಸಾಲಿನಲ್ಲಿ ಮೋಶೆಯನ್ನು ಫರೋಹನ ಹತ್ತಿರ ಕಳಿಸುತ್ತಾನೆ.